ಸೌತೆ ಹೂವಿನ ಜೇನು

ರಂಜನಾಳ ಮೇಜಿನ ಮೇಲೆ ಅವನು ಇಟ್ಟಿದ್ದು ಒಂದು ಮಿಠಾಯಿ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಸತ್ತ ಜೇನುಹುಳುಗಳು.

ಪುಣೆಯ ಆ ಸಣ್ಣ ಬಯೋಟೆಕ್ ಲ್ಯಾಬಿಗೆ ಬಂದವನು ಮರಾಠಿಯಲ್ಲೇ ಮಾತು ಶುರು ಮಾಡಿದ್ದ. ಹೆಸರು ಬಸವಪ್ರಭು, ಮನೆ ಪುಣೆಯದೇ ಧನಕವಡಿ ಬಡಾವಣೆ. ಬಾರಾಮತಿ ಕಡೆಯ ಸೌತೆಕಾಯಿ ತೋಟಗಳಲ್ಲಿ ಜೇನುಪೆಟ್ಟಿಗೆ ಇಡುವುದು ಅವನ ಕಸುಬು. ಆ ಪೆಟ್ಟಿಗೆಗಳ ಪಕ್ಕದ ಹೊಲದಲ್ಲೇ ರಂಜನಾಳ ಹೊಸ ಸ್ಪ್ರೇಯ ಪ್ರಯೋಗ ನಡೆದಿತ್ತು. ಸಿಟ್ಟು ಏರಿದಂತೆ ಅವನ ಮಾತು ತಾನಾಗಿ ಕನ್ನಡಕ್ಕೆ ಹೊರಳಿತು.

“ಇವು ನಾ ಸಾಕಿದ ಹುಳಾ ರೀ. ನಿಮ್ಮ ಔಷಧನ ಕೊಂದದ. ಅಲ್ಲಂತ ಹೇಳ್ರಿ ನೋಡೂಣು.”

ಅಲ್ಲ ಎನ್ನಲು ಅವಳ ತುಟಿ ತೆರೆಯಿತು. ಆದರೆ ಬಂದ ಮಾತೇ ಬೇರೆ. “ಗೊತ್ತಿಲ್ರಿ. ನೋಡಿ ಹೇಳ್ತೀನಿ.”

ತನ್ನದೇ ಸೀಮೆಯ ಮಾತು ಕೇಳಿ ಅವನು ತಟ್ಟನೆ ಅವಳ ಮುಖ ನೋಡಿದ. ಕಣ್ಣಿನ ಸಿಟ್ಟು ಹೋಗಲಿಲ್ಲ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸ್ವಲ್ಪ ತಡವರಿಸಿತು.

ಕ್ಯಾಂಟೀನಿನಲ್ಲಿ ಚಹಾ ಮುಂದಿಟ್ಟುಕೊಂಡು ಅವಳು ಬಿಡಿಸಿ ಹೇಳಿದಳು. ಪ್ರತಿ ಜೀವಕೋಶದಲ್ಲೂ ಜೀನ್‌ನಿಂದ ಒಂದು ಸಂದೇಶ ಹೊರಡುತ್ತದೆ, ಇಂಥ ಪ್ರೋಟೀನ್ ಮಾಡು ಎಂದು. ಆ ಸಂದೇಶವೇ ಆರ್‌ಎನ್‌ಎ. ಅವಳ ಸ್ಪ್ರೇಯಲ್ಲಿ ಇರುವುದು ಬೆಳೆ ಹಾಳು ಮಾಡುವ ಬಿಳಿನೊಣದ ಒಂದು ಸಂದೇಶಕ್ಕೆ ಸರಿಹೊಂದುವ ಜೋಡಿ ಎಳೆಯ ಆರ್‌ಎನ್‌ಎ. ನೊಣ ಎಲೆಯ ರಸ ಹೀರಿದಾಗ ಅದೂ ಒಳಗೆ ಹೋಗುತ್ತದೆ. ನೊಣದ ಜೀವಕೋಶವೇ ಅದನ್ನು ಸಣ್ಣ ತುಂಡು ಮಾಡುತ್ತದೆ, ಆ ತುಂಡುಗಳ ಗುರುತು ಹಿಡಿದು ತನ್ನದೇ ಸಂದೇಶವನ್ನು ಕತ್ತರಿಸುತ್ತದೆ. ಬೇಕಾದ ಪ್ರೋಟೀನ್ ಸಿಗದೆ ನೊಣ ಸೊರಗಿ ಸಾಯುತ್ತದೆ. ಜೇನಿನ ಸಂದೇಶದ ಅಕ್ಷರಗಳೇ ಬೇರೆ, ಅಲ್ಲಿ ಏನೂ ಕತ್ತರಿಸಬಾರದು.

“ಕತ್ತರಿಸಬಾರದು ಅಂತೀರಿ. ಕತ್ತರಿಸೂದಿಲ್ಲ ಅನ್ನೂದಿಲ್ಲ,” ಎಂದ ಬಸವಪ್ರಭು.

“ಲ್ಯಾಬಿನಾಗ ಜೇನಿಗೆ ಉಣಿಸಿ ನೋಡೀನ್ರಿ, ಏನೂ ಆಗಿರ್ಲಿಲ್ಲ. ಆದ್ರ ಲ್ಯಾಬ್ ಬ್ಯಾರೆ, ಹೊಲ ಬ್ಯಾರೆ.”

ಅವತ್ತೇ ಅವಳು ಪ್ರಯೋಗ ನಿಲ್ಲಿಸಿದಳು. ಪುರಾವೆ ಇಲ್ಲದೆ ಇಷ್ಟು ವರ್ಷದ ಕೆಲಸಕ್ಕೆ ಕಲ್ಲು ಹಾಕುತ್ತೀಯಾ ಎಂದು ಮೇಲಧಿಕಾರಿ ಮಂಜರಿ ರೇಗಿದರು. ರಂಜನಾ ಜಗ್ಗಲಿಲ್ಲ. ತಾನೇ ಪರೀಕ್ಷಿಸಿದರೆ ಯಾರೂ ನಂಬಲಿಕ್ಕಿಲ್ಲವೆಂದು ಸತ್ತ ಹುಳುಗಳನ್ನು ಬೇರೊಂದು ಲ್ಯಾಬಿಗೆ ಕಳಿಸಿದಳು. ಬಸವಪ್ರಭು ಬದುಕಿದ್ದ ಹುಳುಗಳನ್ನು ತಂದುಕೊಟ್ಟ. ಒಂದು ಪಂಜರಕ್ಕೆ ಬರೀ ಸಕ್ಕರೆ ನೀರು, ಇನ್ನೊಂದಕ್ಕೆ ಹೊಲದಲ್ಲಿ ಹೊಡೆದದ್ದೇ ಸ್ಪ್ರೇ ಬೆರೆಸಿದ ಸಕ್ಕರೆ ನೀರು.

ಅವನು ದಿನಾ ಬರತೊಡಗಿದ. ಬರಲಿ ಎಂದು ಅವಳ ಮನಸ್ಸು ಬಾಗಿಲ ಕಡೆ ನೋಡುತ್ತಿತ್ತು, ಬಂದರೆ ಹೆದರುತ್ತಿತ್ತು.

ಒಮ್ಮೆ ಹುಳುವೊಂದು ತಪ್ಪಿಸಿಕೊಂಡು ಅವಳ ತೋಳಿನ ಮೇಲೆ ಕೂತಿತು. ಅಲುಗಬೇಡಿ ಎಂದು ಅವನು ಹತ್ತಿರ ಬಂದು ಬೆರಳು ಚಾಚಿದ. ಹುಳು ನಿಧಾನವಾಗಿ ಬೆರಳು ಹತ್ತಿತು. ಅವನ ಕಣ್ಣು ಮಾತ್ರ ಹುಳುವಿನ ಮೇಲಿರಲಿಲ್ಲ. ರಂಜನಾ ಮಾಸ್ಕ್ ಹಾಕಿದ್ದಳು, ಕೆನ್ನೆಯ ಬಿಸಿ ಅವನಿಗೆ ಕಾಣಲಿಲ್ಲವೆಂದು ಸಮಾಧಾನಪಟ್ಟಳು. ಕಿವಿ ಕೆಂಪಾದದ್ದು ಅವಳಿಗೆ ಗೊತ್ತಾಗಲಿಲ್ಲ.

ಕಡೆಗೊಂದು ಮಧ್ಯಾಹ್ನ ಸತ್ತ ಹುಳುಗಳನ್ನು ಕಳಿಸಿದ್ದ ಲ್ಯಾಬಿನಿಂದ ಫೋನ್ ಬಂತು. ಹುಳುಗಳ ಮೈಯಲ್ಲಿ ಸಿಕ್ಕಿದ್ದು ಮಾರುಕಟ್ಟೆಯ ಹಳೆಯ ಕೀಟನಾಶಕ. ಬಸವಪ್ರಭು ಬಾರಾಮತಿಗೆ ಫೋನ್ ಮಾಡಿ ವಿಚಾರಿಸಿದ, ಪಕ್ಕದ ತೋಟದವರು ಹೂ ಅರಳಿದ ಹೊತ್ತಿನಲ್ಲೇ ಅದನ್ನು ಹೊಡೆದಿದ್ದರು. ಇತ್ತ ಎರಡೂ ಪಂಜರಗಳಲ್ಲಿ ಜೇನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

ರಂಜನಾ ಮೆಟ್ಟಿಲ ಮೇಲೆ ಕೂತು ಅತ್ತಳು. ಎದೆಯ ಮೇಲಿನ ಕಲ್ಲು ಸರಿದಂತಾಗಿ, ಅಳುತ್ತಲೇ ನಕ್ಕಳು. ಬಸವಪ್ರಭು ಸ್ವಲ್ಪ ದೂರ ಬಿಟ್ಟು ಪಕ್ಕದಲ್ಲೇ ಕೂತ.

“ತಪ್ಪು ನಂದ ಆಗಿದ್ರ?” ಎಂದಳು.

“ಅದನ್ನೂ ನೀವ ಹೇಳ್ತಿದ್ರಿ. ನಾ ಯಾವಾಗೋ ನಿಮ್ಮನ್ನ ನಂಬೀನಿ.”

“ನಂಬಿದ್ರ ದಿನಾ ಯಾಕ ಬರ್ತಿದ್ರಿ?”

ಅವನು ತನ್ನ ಅಂಗೈ ನೋಡಿಕೊಂಡ. “ಹುಳಾ ನೋಡಾಕ ಅಂತ ಮನ್ಯಾಗ ಹೇಳ್ತಿದ್ದೆ. ಸುದ್ದಿ ಕೆಟ್ಟದ್ದ ಬಂದಿದ್ರೂ ನಾಳೆ ಬರಾವನ ಇದ್ದೆ, ರಂಜನಾ.”

ಹೆಸರಿನ ಕೊನೆಗೆ ‘ರೀ’ ಇರಲಿಲ್ಲ. ಅದು ಬಿಟ್ಟುಹೋದದ್ದು ಅವನಿಗೂ ತಿಳಿದು ಗಾಬರಿಯಾಯಿತು. ತಿದ್ದಿಕೊಳ್ಳಲು ಬಾಯಿ ತೆರೆದವನನ್ನು ಅವಳು ಕೈಹಿಡಿದು ತಡೆದಳು.

“ಆ ತೋಟದವರಿಗೆ ಹೂವಿನ ಹೊತ್ತಿನಾಗ ಹೊಡೀಬ್ಯಾಡ್ರಿ ಅಂತ ಹೇಳಬೇಕಲ್ಲ,” ಎಂದಳು ಕಣ್ಣೊರೆಸಿಕೊಳ್ಳುತ್ತ. “ನೀ ಒಬ್ಬಾವನ ಹೋದ್ರ ಜಗಳಾ ಮಾಡ್ತಿ. ನಾನೂ ಬರ್ತೀನಿ, ನಡಿ.”