ಮುಳ್ಳು ತೆಗೆದ ಮೀನು

ಆಸ್ಲೌಗ್ ಅಜ್ಜಿಯ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು ಹೋದ ತೂರುನ್, ಬಾಗಿಲ ಹಿಡಿಗೆ ತೂಗುಹಾಕಿದ್ದ ಕಾಡ್ ಎಂಬ ಕಡಲಮೀನನ್ನು ಕಂಡು ನಿಂತುಬಿಟ್ಟಳು. ತಲೆ, ಮುಳ್ಳು, ಲಿವರ್ ಎಲ್ಲವೂ ಇದ್ದ ಇಡೀ ಮೀನು.

ಮೀನುಗಾರ ಎಯ್ಲಿಫ್ ತಂದದ್ದು, ಊರಿನ ಎಲ್ಲ ಮನೆಗೂ ಅವನು ಹೀಗೇ ಕೊಡುವುದು ಎಂದಳು ಅಜ್ಜಿ. ಹಾಗಾದರೆ ಮುಳ್ಳು ತೆಗೆದ ತುಂಡು ಯಾರಿಗೆ ಎಂದು ತೂರುನ್ ಕೇಳಿದಳು.

"ಅದು ಬಂದುಹೋಗೋರಿಗೆ ಕಣೇ."

ತೂರುನ್ ಓಸ್ಲೋದವಳು. ಈ ದ್ವೀಪಕ್ಕೆ ನರ್ಸ್ ಆಗಿ ಬಂದು ಮೂರು ಚಳಿಗಾಲವಾಗಿತ್ತು. ಮೂರು ಚಳಿಗಾಲವೂ ಎಯ್ಲಿಫ್ ಅವಳಿಗೆ ತಂದುಕೊಟ್ಟದ್ದು ಚರ್ಮ ಸುಲಿದು, ಮುಳ್ಳು ಕಿತ್ತ ಬಿಳಿ ತುಂಡುಗಳನ್ನೇ. ಅದನ್ನೇ ಅವಳು ಒಲವೆಂದುಕೊಂಡಿದ್ದಳು. ಇಲ್ಲೇ ಉಳಿಯುತ್ತಾಳೋ ಇಲ್ಲವೋ ಎಂದು ನಾಳೆ ಕೆಲಸದ ಕರಾರುಪತ್ರಕ್ಕೆ ಸಹಿ ಹಾಕಿ ತಿಳಿಸಬೇಕು. ಅವನ ಒಂದು ಮಾತಿಗಾಗಿ ತಿಂಗಳಿಡೀ ಕಾದಿದ್ದಳು.

ಮೈ ಉರಿದುಹೋಯಿತು. ಅಜ್ಜಿಗೆ ಪಟ್ಟಿ ಕಟ್ಟಿ ಮುಗಿಸಿದವಳೇ ನೇರ ದೋಣಿಕಟ್ಟೆಗೆ ನಡೆದು, ಅವನ ಬುಟ್ಟಿಯಿಂದ ಇಡೀ ಮೀನೊಂದನ್ನು ತಾನೇ ಎತ್ತಿಕೊಂಡು, ಐದಕ್ಕೆ ಊಟಕ್ಕೆ ಬಾ ಎಂದು ಅಪ್ಪಣೆ ಕೊಟ್ಟು ಬಂದಳು.

ಅವನು ಬಂದಾಗ ಅವಳು ಮುಳ್ಳುಸಮೇತ ಮೀನನ್ನು ದಪ್ಪ ಹೋಳು ಮಾಡುತ್ತಿದ್ದಳು. ಒಂದೊಂದು ಏಟಿಗೂ ಮೇಜು ನಡುಗಿತು. ನಾನು ಕತ್ತರಿಸಲಾ ಎಂದು ಅವನು ಕೈ ಚಾಚಿದ. ಅವಳ ನೋಟ ತಗುಲಿ ಆ ಕೈ ಜೇಬಿಗೆ ಮರಳಿತು. ಕಣ್ಣು ಮಾತ್ರ ಅವಳ ಕೆನ್ನೆಗೆ ಅಂಟಿದ್ದ ಕೂದಲೆಳೆಯ ಮೇಲೇ ಉಳಿಯಿತು.

ಕುದಿವ ಉಪ್ಪುನೀರನ್ನು ಒಲೆಯಿಂದ ಇಳಿಸಿ, ಹೋಳುಗಳನ್ನು ಅದರೊಳಗೆ ಬಿಟ್ಟು, ಮುಚ್ಚಳ ಹಾಕಿದಳು. ಮತ್ತೆ ಕುದಿಸಿದರೆ ಮೀನು ರಬ್ಬರಾಗುತ್ತದೆ. ಹತ್ತು ನಿಮಿಷ ಆ ಬಿಸಿಯಲ್ಲೇ ಬೇಯಬೇಕು. ಆಲೂಗಡ್ಡೆ, ಕ್ಯಾರೆಟ್ ಆಗಲೇ ಬೆಂದಿದ್ದವು. ಆ ಹತ್ತು ನಿಮಿಷ ಇಬ್ಬರ ಕೈಗೂ ಕೆಲಸವಿರಲಿಲ್ಲ.

"ನಾನು ನಿನಗೆ ಬಂದುಹೋಗೋಳಾ?" ಎಂದಳು.

ಅವನು ಮುಚ್ಚಳವನ್ನೇ ನೋಡುತ್ತ ಹೇಳಿದ: "ಮುಳ್ಳು ಸಿಕ್ಕಿಕೊಂಡ್ರೆ ಈ ಊರೇ ಬೇಡ ಅಂತ ಹೊರಟುಬಿಡ್ತೀಯೇನೋ ಅಂತ..."

"ಮೂರು ವರ್ಷದಿಂದ ನಿಮ್ಮೂರೋರ ಗಂಟಲಲ್ಲಿ ಸಿಕ್ಕ ಮುಳ್ಳು ತೆಗೀತಿರೋಳೇ ನಾನು. ನನ್ನ ಗಂಟಲ ಚಿಂತೆ ನಿನಗ್ಯಾಕೆ?"

ಮೀನು ಬೆಂದಿತ್ತು. ಅವಳು ತಟ್ಟೆಯನ್ನು ಅವನೆದುರು ಕುಕ್ಕಿದಳು. ಹೂವಿನೆಸಳಿನಂತೆ ಬಿರಿದ ಮೀನಿನಿಂದ ಹಬೆ ಏಳುತ್ತಿತ್ತು. ಅವನು ಕೈಜೋಡಿಸಿ ಕಣ್ಣು ಮುಚ್ಚಿದ. ಊಟದ ಪ್ರಾರ್ಥನೆಯನ್ನು ಯಾವಾಗಲೂ ತುಟಿಯೊಳಗೇ ಮುಗಿಸುವವನು ಇಂದು ಕೇಳುವಂತೆ ಹೇಳಿದ.

"ಕರ್ತನೇ, ಈ ಊಟಕ್ಕೆ ನಿನಗೆ ಸ್ತೋತ್ರ. ಇವಳು ನಮ್ಮನ್ನ ಬಿಟ್ಟುಹೋಗದ ಹಾಗೆ ನೋಡ್ಕೋ."

ತೂರುನ್‌ಗೆ ಸಿಟ್ಟು ನೆತ್ತಿಗೇರಿತು.

"ದೇವರಿಗೆ ಯಾಕೆ ಹೇಳ್ತೀಯ? ಸಹಿ ಹಾಕೋಳು ನಾನು. ನಿನ್ನೆದುರಿಗೇ ಕೂತಿದ್ದೀನಿ. ಕಣ್ಣು ಬಿಟ್ಟು ನನಗೆ ಹೇಳು."

ಅವನು ಕಣ್ಣು ಬಿಟ್ಟ. ಕಿವಿಯವರೆಗೂ ಕೆಂಪಾಗಿದ್ದ.

"ಹೋಗಬೇಡ, ತೂರುನ್. ನನ್ನ ಜೊತೆ ಇರು."

ಅವಳು ಅವನನ್ನೇ ದಿಟ್ಟಿಸಿದಳು. ಮುಳ್ಳಿದ್ದ ದಪ್ಪ ಹೋಳೊಂದನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

"ಇರ್ತೀನಿ. ಆದ್ರೆ ನನ್ನ ಕೋಪ ಇನ್ನೂ ಇಳಿದಿಲ್ಲ."

ಇಳಿಯುವ ತನಕ ಇಲ್ಲೇ ಕೂತಿರುತ್ತೇನೆ ಎಂದ ಅವನು. ಬೇಗ ಇಳಿಸುವ ಯೋಚನೆ ಅವಳಿಗಿರಲಿಲ್ಲ.