ನಲವತ್ತು ಮರಿಗಳ ಸುಳ್ಳು

"ನಿಲ್ಲಿಸಿ! ಒಂದು ನಿಮಿಷ ನಿಲ್ಲಿಸಿ ಮಾರಾಯ್ರೆ!"

ಜೆಸಿಬಿಯ ಉದ್ದ ಕೈ ಗಾಳಿಯಲ್ಲೇ ನಿಂತಿತು. ಅದರ ಎದುರು, ಶಾಲಾ ಮೈದಾನದ ಮೂಲೆಯ ಹೊಂಡದಲ್ಲಿ, ಮೊಣಕಾಲುದ್ದ ಕೆಂಪು ನೀರಿನಲ್ಲಿ ಒಬ್ಬ ಯುವಕ ಎರಡೂ ಕೈ ಚಾಚಿ ನಿಂತಿದ್ದ.

ಸಿದ್ಧಕಟ್ಟೆಯ ಆ ಶಾಲೆಯಲ್ಲಿ ಅಕ್ಷಿತಾ ವಿಜ್ಞಾನದ ಟೀಚರ್. ಮೈದಾನ ಸಮತಟ್ಟು ಮಾಡಿಸುವ ಜವಾಬ್ದಾರಿ ಅವತ್ತು ಅವಳದೇ. ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿ ಬಂದಳು.

"ಎಂತ ಇದು? ಯಾರು ನೀವು?"

"ಶೋಧನ್ ಅಂತ. ನಿಮ್ಮ ಬೋರ್‌ವೆಲ್ಲಿನ ಪಂಪು ರಿಪೇರಿಗೆ ಬಂದವ." ಅವನು ಬೊಗಸೆ ತುಂಬ ನೀರು ಎತ್ತಿ ತೋರಿಸಿದ. "ಇಲ್ಲಿ ನೋಡಿ ಟೀಚರ್."

ಬೊಗಸೆಯಲ್ಲಿ ಕಪ್ಪು ಚುಕ್ಕೆಗಳು ಬಾಲ ಅಲ್ಲಾಡಿಸುತ್ತಿದ್ದವು.

"ನೆಲಗಪ್ಪೆಯ ಗೊದಮೊಟ್ಟೆಗಳು. ಸಾವಿರ ಉಂಟು. ಅರ್ಧ ಗಂಟೆ ಕೊಡಿ, ತೆಗೀತೇನೆ. ಮತ್ತೆ ನೀವು ಎಷ್ಟು ಮಣ್ಣು ಬೇಕಾದ್ರೂ ಹಾಕಿ."

ಅವನ ಕಣ್ಣಿನಲ್ಲಿದ್ದ ಅಂಗಲಾಚಿಕೆ ಅಕ್ಷಿತಾಳಿಗೆ ಕಂಡಿತು. ಜೆಸಿಬಿಯವನಿಗೆ ಚಹಾ ಕುಡಿದು ಬರಲು ಹೇಳಿ, ಬಿಸಿಯೂಟದ ಕೋಣೆಯಿಂದ ಎರಡು ಬಕೆಟ್ ತಂದು, ಅವಳೂ ಹೊಂಡಕ್ಕೆ ಇಳಿದಳು!

ಅರ್ಧ ಗಂಟೆ ಎರಡು ಗಂಟೆಯಾಯಿತು. ಹೋಗುವಾಗ ಶೋಧನ್ ನಾಚುತ್ತಾ ಕೇಳಿದ. "ವೇಣೂರಿನಲ್ಲಿ ನಮ್ಮ ಮನೆ. ಇವು ಹೇಗೆ ದೊಡ್ಡದಾಗ್ತವೆ ಅಂತ ಒಮ್ಮೆ ಬಂದು ನೋಡ್ತೀರಾ?"

'ಕಪ್ಪೆ ನೋಡಲು ಯಾರಾದರೂ ಅಷ್ಟು ದೂರ ಹೋಗುತ್ತಾರಾ?' ಎಂದು ಅವಳ ಮನಸ್ಸು ನಕ್ಕಿತು. ಆದರೆ ಮುಂದಿನ ಭಾನುವಾರವೇ ತನ್ನೂರು ಮೂಡುಬಿದಿರೆಯಲ್ಲಿ ಅವಳು ವೇಣೂರಿನ ಬಸ್ಸು ಹತ್ತಿದ್ದಳು.

ಶೋಧನನ ಮನೆಯ ಹಿಂದೆ ತಗಡಿನ ಮಾಡು. ಅದರ ಕೆಳಗೆ ಸಾಲಾಗಿ ಟ್ಯಾಂಕುಗಳು, ಅಗಲದ ಟಬ್ಬುಗಳು, ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮುಗಳು. ಪ್ರತಿಯೊಂದರಲ್ಲೂ ನೀರು ಬಹಳ, ಮರಿಗಳು ಕೆಲವೇ.

"ಇಷ್ಟು ದೊಡ್ಡ ಟಬ್ಬಿಗೆ ಇಷ್ಟೇ ಮರಿಗಳಾ?"

"ಇವಕ್ಕೆ ಜಾಗ ಬೇಕು ಟೀಚರ್. ಒತ್ತೊತ್ತಾಗಿ ಹಾಕಿದ್ರೆ ಅವುಗಳ ಹೇಲಿನಿಂದಲೇ ನೀರು ವಿಷ ಆಗ್ತದೆ. ಇನ್ನೊಂದು ಮುಖ್ಯ ವಿಷಯ ಉಂಟು. ಮುಂದಿನ ಕಾಲು ಬಂದ ಮೇಲೆ ಅವು ನೀರೊಳಗೆ ಉಸಿರಾಡುವುದಿಲ್ಲ. ಹತ್ತಿ ಕೂರ್ಲಿಕ್ಕೆ ಒಂದು ಇಳಿಜಾರು ಕಲ್ಲು ಬೇಕೇ ಬೇಕು. ಇಲ್ಲದಿದ್ದರೆ ಮುಳುಗಿ ಸಾಯ್ತವೆ."

"ಕಪ್ಪೆ ನೀರಲ್ಲಿ ಮುಳುಗಿ ಸಾಯುವುದಾ?"

"ಹೌದು..." ಅವನ ಸ್ವರ ತಗ್ಗಿತು. "ಎರಡು ವರ್ಷದ ಹಿಂದೆ ಪಂಪು ಪರೀಕ್ಷೆ ಮಾಡ್ಲಿಕ್ಕೆ ಅಂತ ಒಬ್ಬರ ತೋಟದ ಕೆರೆ ಪೂರ್ತಿ ಖಾಲಿ ಮಾಡಿದೆ. ಮರುದಿನ ಹೋದಾಗ ತಳದಲ್ಲಿ ಕಪ್ಪು ಚಾಪೆ ಹಾಸಿದ ಹಾಗೆ ಇತ್ತು. ಹತ್ತಿರ ಹೋಗಿ ನೋಡಿದ್ರೆ ಒಣಗಿದ ಗೊದಮೊಟ್ಟೆಗಳು. ಅವತ್ತಿನಿಂದ ಇದು ಶುರು, ತಂದು ಸಾಕಿ, ಕಪ್ಪೆಯಾದ ಮೇಲೆ ಹೊರಗೆ ಬಿಡುವುದು."

ಅಕ್ಷಿತಾ ಅವನನ್ನೇ ನೋಡಿದಳು. ಇಷ್ಟು ಸಣ್ಣ ಜೀವಕ್ಕಾಗಿ ಇಷ್ಟು ದೊಡ್ಡ ನೋವು ಹೊತ್ತು ತಿರುಗುವವನೂ ಒಬ್ಬನಿದ್ದಾನೆಯೇ!

ಅವನ ತಾಯಿ ಕಾಂತಿಯಮ್ಮ ಬೇಯಿಸಿದ ಹರಿವೆ ಸೊಪ್ಪು ಹಿಡಿದು ಬಂದರು. ಮರಿಗಳಿಗೆ ಅದನ್ನು ಹಾಕುತ್ತಾ ನಗಾಡಿದರು. "ಹೋದ ವರ್ಷ ಒಂದು ಹೆಣ್ಣಿನ ಕಡೆಯವರು ಬಂದಿದ್ರು ಮಗಾ. ಇದನ್ನೆಲ್ಲ ನೋಡಿ, 'ಈ ಮನೆಯಲ್ಲಿ ಕಪ್ಪೆಗೆ ಜಾಗ ಉಂಟು, ಸೊಸೆಗೆ ಎಲ್ಲಿ?' ಅಂತ ಕೇಳಿ ಎದ್ದು ಹೋದ್ರು!"

ಶೋಧನ್ ನಗಲಿಲ್ಲ. ತಲೆ ತಗ್ಗಿಸಿ ಟಬ್ಬಿನ ನೀರು ಬದಲಿಸತೊಡಗಿದ.

ಅವತ್ತಿನಿಂದ ಅಕ್ಷಿತಾಳ ಭಾನುವಾರಗಳು ವೇಣೂರಿನವಾದವು.

ಜುಲೈಯಲ್ಲಿ ಶಾಲೆಯಲ್ಲಿ ವಿಜ್ಞಾನ ಮೇಳ. ಒಂದು ವಾರ ಮೊದಲೇ ಶೋಧನ್ ತಾನೇ ದೊಡ್ಡ ಟಬ್ಬು, ಕಲ್ಲು, ನಲವತ್ತು ಮರಿಗಳನ್ನು ತಂದು ಇಟ್ಟು ಹೋದ. ಹಿಂದಿನ ಕಾಲು ಆಗಲೇ ಮೂಡಿತ್ತು.

"ನಿಮ್ಮ ಕೈಯಲ್ಲಿ ಕೊಡ್ತಿದ್ದೇನೆ. ನನಗೆ ಹೆದರಿಕೆ ಇಲ್ಲ," ಅಂದಿದ್ದ.

ಆದರೆ ಮೇಳದ ದಿನ ಟಬ್ಬು ಮೇಜಿನ ಮೇಲೆ ಹಿಡಿಸಲಿಲ್ಲ. ಬಂದವರಿಗೆ ಒಳಗಿನದ್ದು ಕಾಣುತ್ತಲೂ ಇರಲಿಲ್ಲ. ಅಕ್ಷಿತಾ ನಲವತ್ತನ್ನೂ ಒಂದು ಪುಟ್ಟ ಗಾಜಿನ ತೊಟ್ಟಿಗೆ ಹಾಕಿದಳು. ಕಲ್ಲಿಗೆ ಅದರಲ್ಲಿ ಜಾಗವಿರಲಿಲ್ಲ.

'ಒಂದೇ ದಿನ ತಾನೇ? ಸಂಜೆ ವಾಪಸ್ ಟಬ್ಬಿಗೆ ಹಾಕಿದರಾಯಿತು.'

ಎಷ್ಟು ಚಂದ ಕಾಣುತ್ತಿತ್ತು ಆ ತೊಟ್ಟಿ! ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆದರು. ಅಕ್ಷಿತಾಳ ತರಗತಿಗೆ ಮೊದಲ ಬಹುಮಾನ ಬಂತು. ಚಪ್ಪಾಳೆ, ಅಭಿನಂದನೆ... ಅಷ್ಟರಲ್ಲಿ ಮೂಡುಬಿದಿರೆಯಿಂದ ಅಮ್ಮನ ಫೋನು. ದೊಡ್ಡಮ್ಮನ ಮಗಳ ನಿಶ್ಚಿತಾರ್ಥಕ್ಕೆ ಹೊರಡಲು ತಡವಾಯಿತು ಎಂದು. ಅಕ್ಷಿತಾ ಚೀಲ ಹೆಗಲಿಗೆ ಹಾಕಿ ಬಸ್ಸಿಗೆ ಓಡಿದಳು.

ಅದು ಶನಿವಾರ.

ಸೋಮವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆರೆದಾಗ ಮೊದಲು ಬಂದದ್ದು ವಾಸನೆ. ಆಮೇಲೆ ತೊಟ್ಟಿ ಕಣ್ಣಿಗೆ ಬಿತ್ತು. ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ನಲವತ್ತೂ ತೇಲುತ್ತಿದ್ದವು. ಹೆಚ್ಚಿನವಕ್ಕೆ ಮುಂದಿನ ಕಾಲು ಬಂದಿತ್ತು... ಅಕ್ಕಿಕಾಳಿನಷ್ಟು ಸಣ್ಣ ಬೆರಳುಗಳು ಗಾಜಿಗೆ ಅಂಟಿಕೊಂಡಿದ್ದವು.

ಹತ್ತಲು ನೋಡಿದ್ದವು. ಗಾಜು ಜಾರಿಸಿತ್ತು.

'ದೇವರೇ... ನಾನೇನು ಮಾಡಿಬಿಟ್ಟೆ!'

ಮಕ್ಕಳು ಬರುವ ಮೊದಲೇ ಅವಳು ಕಾಂಪೌಂಡಿನ ಹಿಂದೆ ಹೊಂಡ ತೋಡಿ ಎಲ್ಲವನ್ನೂ ಮುಚ್ಚಿದಳು. ಕೈ ಮೂರು ಸಲ ತೊಳೆದರೂ ವಾಸನೆ ಹೋಗಲಿಲ್ಲ.

ಅಷ್ಟರಲ್ಲಿ ಶೋಧನನ ಫೋನು ಬಂತು.

"ಟೀಚರ್, ಮರಿಗಳು ಹೇಗೆ ಉಂಟು? ಬಾಲ ಕರಗಿತಾ?"

ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ 'ನನಗೆ ಹೆದರಿಕೆ ಇಲ್ಲ' ಅಂದ ಆ ಮುಖ ನೆನಪಾಯಿತು. ಬಾಯಿ ಬೇರೆಯೇ ಹೇಳಿತು.

"ಹೂಂ... ಕರಗಿತು. ನಲವತ್ತನ್ನೂ ಶಾಲೆಯ ಹಿಂದೆ ಹರಿಯುವ ತೋಡಿನ ಬದಿಯಲ್ಲಿ ಬಿಟ್ಟೆ."

"ನಲವತ್ತೂ ಬದುಕಿದ್ವಾ! ನನ್ನ ಹತ್ರ ಒಮ್ಮೆಯೂ ಹಾಗೆ ಆದದ್ದಿಲ್ಲ. ನಿಮ್ಮ ಕೈಗುಣ ಟೀಚರ್!"

ಫೋನ್ ಇಟ್ಟ ಮೇಲೆ ಅಕ್ಷಿತಾ ತನ್ನ ಕೈಗಳನ್ನು ಬಹಳ ಹೊತ್ತು ನೋಡುತ್ತಾ ಕುಳಿತಳು.

ಮಕ್ಕಳಿಗೂ ಅದೇ ಸುಳ್ಳು. ಎಂಟನೇ ತರಗತಿಯ ಮಿಸ್ರಿಯಾ ತೋಡಿನ ಬದಿಯಲ್ಲಿ ನಲವತ್ತು ನೆಲಗಪ್ಪೆಗಳು ಕೂತ ಚಿತ್ರ ಬಿಡಿಸಿ ತಂದಳು. ಅದನ್ನು ಗೋಡೆಗೆ ಅಂಟಿಸದೆ ವಿಧಿಯಿರಲಿಲ್ಲ. ದಿನಾ ಪಾಠ ಮಾಡುವಾಗ ಎಂಬತ್ತು ಕಣ್ಣುಗಳು ಅವಳ ಬೆನ್ನನ್ನೇ ನೋಡುತ್ತಿದ್ದವು.

ವೇಣೂರಿಗೆ ಹೋಗುವುದನ್ನು ಬಿಟ್ಟಳು. ಬದಲಿಗೆ ಒಂದು ಭಾನುವಾರ ಬಂಟ್ವಾಳದ ಚಿಕ್ಕಮ್ಮನ ಮನೆಗೆ ಹೊರಟಳು. ಬಸ್ಸು ಶಾಲೆ ದಾಟಿ ಮೋರಿಯ ಹತ್ತಿರ ನಿಧಾನವಾಯಿತು. ಕಿಟಕಿಯಿಂದ ನೋಡಿದರೆ... ತೋಡಿನ ಬದಿಯಲ್ಲಿ ಶೋಧನ್! ಮೊಣಕಾಲೂರಿ, ಒಂದೊಂದೇ ಎಲೆ ಎತ್ತಿ, ಒಂದೊಂದೇ ಕಲ್ಲು ಸರಿಸಿ ಹುಡುಕುತ್ತಿದ್ದ.

ಅವಳು ಬಿಟ್ಟೆ ಅಂದಿದ್ದ ಮರಿಗಳನ್ನು!

ಇಳಿಯಬೇಕಿತ್ತು. ಓಡಿ ಹೋಗಿ ಹೇಳಬೇಕಿತ್ತು. ಅಕ್ಷಿತಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬಸ್ಸು ಮುಂದಕ್ಕೆ ಹೋಯಿತು.

ಆ ವಾರವೇ ಕಾಂತಿಯಮ್ಮ ಫೋನ್ ಮಾಡಿ, ಪತ್ರೊಡೆ ಮಾಡಿದ್ದೇನೆ, ಬರಲೇಬೇಕು ಎಂದು ಹಟ ಹಿಡಿದರು. ಊಟವಾದ ಮೇಲೆ ಅವರು ಬೇಕೆಂದೇ ಒಳಗೆ ಹೋದರು. ಶೋಧನ್ ಮಾಡಿನ ಕಂಬ ಹಿಡಿದು ನಿಂತ.

"ಟೀಚರ್, ನಾನು ಪಿಯುಸಿ ಅಷ್ಟೇ ಓದಿದ್ದು. ಕೈಯಲ್ಲಿ ಯಾವಾಗಲೂ ಗ್ರೀಸು. ಮನೆಯಲ್ಲಿ ಇವುಗಳು ಬೇರೆ... ಆದ್ರೂ ಕೇಳ್ತೇನೆ. ನಲವತ್ತು ಸಣ್ಣ ಜೀವಗಳನ್ನು ಒಂದೂ ಬಿಡದೆ ನೋಡಿಕೊಂಡವರು ನೀವು. ಅಂಥವರು ಈ ಮನೆಗೆ ಬಂದ್ರೆ... ನನ್ನನ್ನು ಮದುವೆ ಆಗ್ತೀರಾ?"

ಅಕ್ಷಿತಾಳ ಎದೆ ಒಡೆಯಿತು. ಎಷ್ಟು ದಿನದಿಂದ ಕಾದಿದ್ದ ಮಾತು! ಆದರೆ ಯಾವ ಆಧಾರದ ಮೇಲೆ ಬಂತು? ತನ್ನ ಸುಳ್ಳಿನ ಮೇಲೆ!

"ಬೇಡ... ನನ್ನಿಂದ ಆಗ್ಲಿಕ್ಕಿಲ್ಲ."

ಶೋಧನ್ ಸಾಲಾಗಿದ್ದ ಟಬ್ಬುಗಳನ್ನೊಮ್ಮೆ ನೋಡಿದ. "ಅರ್ಥ ಆಯ್ತು ಟೀಚರ್," ಅಂದ. ಅವನಿಗೆ ಅರ್ಥವಾದದ್ದು ಬೇರೆಯೇ ಎಂದು ಅವಳಿಗೆ ಗೊತ್ತಿತ್ತು. ಆದರೂ ತಿದ್ದದೆ ಬಂದುಬಿಟ್ಟಳು.

ಎರಡು ವಾರ ಕಳೆಯಿತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಜುಲೈಕಾ ಟೀಚರ್ ಬುತ್ತಿ ಬಿಚ್ಚುತ್ತಾ ಹೇಳಿದರು. "ನಮ್ಮ ಮನೆಯವರು ನಿನ್ನೆ ನಿಮ್ಮ ಆ ಪಂಪು ಶೋಧನನ ಎರಡು ಟಬ್ ತಂದ್ರು, ಆಡಿಗೆ ನೀರಿಡ್ಲಿಕ್ಕೆ. ಎಲ್ಲ ಕೊಟ್ಟುಬಿಡ್ತಿದ್ದಾನಂತೆ."

"ಯಾಕೆ?" ಅಕ್ಷಿತಾಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಐದು ಭಾನುವಾರ ತೋಡಿನಲ್ಲಿ ಹುಡುಕಿದನಂತೆ. ನೀವು ಬಿಟ್ಟದ್ರಲ್ಲಿ ಒಂದೂ ಕಾಣ್ಲಿಲ್ಲವಂತೆ. ಮನೆಯಲ್ಲಿ ಸಾಕಿದ್ದು ಹೊರಗೆ ಬದುಕುವುದೇ ಇಲ್ಲ, ಎರಡು ವರ್ಷದಿಂದ ತಾನು ಸಾಯ್ಲಿಕ್ಕೇ ಬಿಟ್ಟದ್ದು ಅಂತ ಹೇಳಿದನಂತೆ. ಪಾಪ, ಕಣ್ಣಲ್ಲಿ ನೀರಿತ್ತಂತೆ."

ಅಕ್ಷಿತಾ ಎದ್ದಳು. ಅರ್ಧ ದಿನದ ರಜೆ ಬರೆದು ಕೊಟ್ಟಳು. ವೇಣೂರಿಗೆ ಹೊರಟಳು.

ತನ್ನ ಪಂಪು ರಿಪೇರಿಯ ಅಂಗಡಿಯಲ್ಲಿ ಶೋಧನ್ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಅವಳನ್ನು ಕಂಡು ಎದ್ದು ಸ್ಟೂಲು ಒರೆಸಿ ಕೊಟ್ಟ. ಅವಳು ಕೂರಲಿಲ್ಲ.

"ತೋಡಿನಲ್ಲಿ ಒಂದೂ ಇರಲಿಲ್ಲ ಶೋಧನ್... ನಾನು ಒಂದನ್ನೂ ಬಿಡ್ಲೇ ಇಲ್ಲ."

ಅವನ ಕೈಯಿಂದ ತಂತಿ ಜಾರಿತು.

ಗಾಜಿನ ತೊಟ್ಟಿ, ಬಹುಮಾನ, ಶನಿವಾರದ ಬಸ್ಸು, ಸೋಮವಾರದ ವಾಸನೆ, ಕಾಂಪೌಂಡಿನ ಹಿಂದಿನ ಹೊಂಡ... ಅವಳು ಏನನ್ನೂ ಮುಚ್ಚಿಡಲಿಲ್ಲ.

"ಕಲ್ಲು ಹಾಕ್ಲಿಲ್ವಾ?" ಕೊನೆಗೆ ಅವನು ಕೇಳಿದ.

"ಇಲ್ಲ. ತೊಟ್ಟಿ ಚಂದ ಕಾಣಬೇಕು ಅಂತ..."

"ಸಾಯುವುದು ಆಗ್ತದೆ ಟೀಚರ್. ನನ್ನ ಕೈಯಲ್ಲೂ ಎಷ್ಟೋ ಸತ್ತಿವೆ. ಆದ್ರೆ ನಾನು ಐದು ಭಾನುವಾರ ಆ ತೋಡಿನಲ್ಲಿ ಮೊಣಕಾಲೂರಿದ್ದೆ. ಅದು ನಿಮಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

"ಗೊತ್ತಿತ್ತು. ಬಸ್ಸಿನಿಂದ ನೋಡಿದೆ. ಇಳೀಲಿಲ್ಲ."

ಶೋಧನ್ ಮುಖ ತಿರುಗಿಸಿದ. "ಈಗ ಹೋಗಿ. ನನಗೆ ಏನು ಹೇಳ್ಬೇಕು ಅಂತ ಗೊತ್ತಾಗ್ತಾ ಇಲ್ಲ. ದಯವಿಟ್ಟು ಹೋಗಿ."

ಅವಳು ಹೋದಳು. ದಾರಿಯುದ್ದಕ್ಕೂ ಅತ್ತಳು. ಕ್ಷಮಿಸಿ ಎಂದು ಕೇಳುವ ಹಕ್ಕೂ ತನಗಿಲ್ಲ ಎನಿಸಿತು.

ಮರುದಿನ ಎಂಟನೇ ತರಗತಿಯಲ್ಲಿ ಗೋಡೆಯ ಚಿತ್ರದ ಮುಂದೆ ನಿಂತಳು. "ಮಕ್ಕಳೇ, ನಾನು ನಿಮಗೆ ಸುಳ್ಳು ಹೇಳಿದ್ದೇನೆ," ಎಂದು ಶುರುಮಾಡಿದಳು. ಮುಗಿಯುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಯಾರೋ ಬಿಕ್ಕುತ್ತಿದ್ದರು. ಮಿಸ್ರಿಯಾ ಎದ್ದು ನಿಂತು, "ಎಲ್ಲಿ ಹುಗಿದದ್ದು ಟೀಚರ್? ತೋರಿಸ್ತೀರಾ?" ಎಂದಳು. ಇಡೀ ತರಗತಿ ಅಕ್ಷಿತಾಳ ಹಿಂದೆ ಕಾಂಪೌಂಡಿನಾಚೆ ನಡೆಯಿತು. ಬಹುಮಾನದ ಕಪ್ಪನ್ನು ಅಕ್ಷಿತಾ ಮುಖ್ಯ ಶಿಕ್ಷಕರ ಮೇಜಿನ ಮೇಲಿಟ್ಟು, ಕಾರಣ ಬರೆದು ಕೊಟ್ಟಳು.

ಒಂಬತ್ತು ದಿನ ಶೋಧನನ ಸುದ್ದಿಯೇ ಇಲ್ಲ.

ಹತ್ತನೆಯ ದಿನ ಸಂಜೆ, ಮಕ್ಕಳೆಲ್ಲ ಹೋದ ಮೇಲೆ, ಗೇಟಿನ ಹತ್ತಿರ ಅವನ ಬೈಕು ನಿಂತಿತು. ಅಕ್ಷಿತಾ ಜಗಲಿಯಿಂದ ಇಳಿದು ಬಂದಳು.

"ಜುಲೈಕಾ ಟೀಚರ್ ಎಲ್ಲ ಹೇಳಿದ್ರು," ಅಂದ ಅವನು. "ಮಕ್ಕಳ ಎದುರು ಹೇಳಿದಿರಂತೆ."

"ಅವರಿಗೂ ನಾನೇ ಸುಳ್ಳು ಹೇಳಿದ್ದಲ್ವಾ..."

ಇಬ್ಬರೂ ಶಾಲೆಯ ಮೆಟ್ಟಿಲ ಮೇಲೆ ಕುಳಿತರು. ನಡುವೆ ಒಬ್ಬರು ಕೂರುವಷ್ಟು ಜಾಗ.

"ಸಿಟ್ಟು ಪೂರ್ತಿ ಹೋಗಿದೆ ಅಂತ ಹೇಳುವುದಿಲ್ಲ," ಶೋಧನ್ ನಿಧಾನವಾಗಿ ಹೇಳಿದ. "ಆದ್ರೆ ತೋಡಿನಲ್ಲಿ ಹುಡುಕಿದ್ದು ಗೊತ್ತಿತ್ತಾ ಅಂತ ಕೇಳಿದಾಗ ನೀವು ಇಲ್ಲ ಅನ್ನಬಹುದಿತ್ತು. ಅನ್ಲಿಲ್ಲ. ಅಂಗಡಿಯಲ್ಲಿ ಕೂತು ಅದನ್ನೇ ಯೋಚನೆ ಮಾಡಿದೆ." ಸ್ವಲ್ಪ ತಡೆದು ಕೇಳಿದ. "ಅವತ್ತು ನನ್ನನ್ನು ಬೇಡ ಅಂದದ್ದು... ಕಪ್ಪೆಗಳಿಂದಾಗಿ ಅಲ್ವಾ?"

"ಛೆ! ಅಲ್ಲವೇ ಅಲ್ಲ! ನೀವು ಮದುವೆ ಆಗ್ತೇನೆ ಅಂದದ್ದು ನಲವತ್ತು ಮರಿ ಉಳಿಸಿದವಳನ್ನು. ಅವಳು ನಾನಲ್ಲ. ಹೇಗೆ ಹೂಂ ಅನ್ನಲಿ?"

"ನಾನು ಮೊದಲು ಇಷ್ಟಪಟ್ಟದ್ದು ಸೀರೆ ಎತ್ತಿ ಕಟ್ಟಿ ಹೊಂಡಕ್ಕೆ ಇಳಿದವಳನ್ನು."

ಅಕ್ಷಿತಾ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಅವನು ಕೈ ಒರೆಸಿಕೊಂಡು, ಹಿಂಜರಿಯುತ್ತಾ, ಅವಳ ತಲೆಯ ಮೇಲಿಟ್ಟ.

"ನನಗೆ ನೀವಂದ್ರೆ ಪ್ರಾಣ ಶೋಧನ್... ಆದ್ರೆ ನಿಮ್ಮ ಅಮ್ಮ? ಅವರಿಗೆ ಗೊತ್ತುಂಟಾ?"

"ಇಲ್ಲ. ನಿಮ್ಮ ಕೈಗುಣದ ಸುದ್ದಿಯನ್ನು ಅವರು ಇಡೀ ವೇಣೂರಿಗೆ ಹೇಳಿ ಮುಗಿಸಿದ್ದಾರೆ."

"ಅಯ್ಯೋ! ಹಾಗಾದ್ರೆ ನಾನೇ ಬಂದು ಹೇಳ್ತೇನೆ."

"ಇಬ್ಬರೂ ಸೇರಿ ಹೇಳುವ."

"ತುಂಬ ಬೈದ್ರೆ?"

ಶೋಧನ್ ನಡುವಿನ ಜಾಗ ಬಿಟ್ಟು ಹತ್ತಿರ ಸರಿದು ಕುಳಿತ.

"ಇಬ್ಬರೂ ಸೇರಿ ಬೈಸಿಕೊಳ್ಳುವ."