ವಾಪಸ್ ಬಂದ ಕಂಬಳಿ

ಹೊಸದುರ್ಗದಿಂದ ನಾನು ಆನ್‌ಲೈನಿನಲ್ಲಿ ಕಂಬಳಿ ಮಾರುತ್ತೇನೆ. ಗಿರಾಕಿಗಳು ಹೊಸದನ್ನು ಇಟ್ಟುಕೊಂಡು ಹರಕಲನ್ನು ವಾಪಸ್ ಕಳಿಸಿದರೂ ಆ್ಯಪ್ ಕಂಪನಿಯವರು ನನ್ನ ದುಡ್ಡನ್ನೇ ಮುರಿದುಕೊಳ್ಳುತ್ತಿದ್ದರು. ಪಾರ್ಸೆಲ್ ಬಿಚ್ಚುವ ವಿಡಿಯೊ ಕಳಿಸಿದರೆ, ನಾಲ್ಕೂ ಕಡೆ ಕಾಣಿಸುತ್ತಿಲ್ಲ ಎಂದು ತಳ್ಳಿಹಾಕುತ್ತಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬ್ಲೇಡು. ಪಾರ್ಸೆಲ್ ತಿರುಗಿಸಲು ಮೂರನೆಯ ಕೈ ಎಲ್ಲಿಂದ ತರಲಿ?

ಒಂದು ಮಟಮಟ ಮಧ್ಯಾಹ್ನ ಕೊರಿಯರ್ ಕಲ್ಲೇಶ ಬಂದ. "ವಾಪಸ್ ಬಂದೈತೆ ಅಕ್ಕ. ಯಾರೋ ಈಗಿನ್ನೂ ಹೊದ್ದು ಎದ್ದಂಗೆ ಬೆಚ್ಚಗೈತೆ ನೋಡ್ರಿ."

ಬಾಗಿಲು ಹಾಕಿ, ವಿಡಿಯೊ ಮಾಡುತ್ತಾ ಒಬ್ಬಳೇ ಬಿಚ್ಚಿದೆ. ಮತ್ತೆ ಹರಕು ಕಂಬಳಿ! ಹೊಗೆಸೊಪ್ಪಿನ ವಾಸನೆ, ಮೈಯಷ್ಟೇ ಬಿಸಿ. ಸಿಟ್ಟಿನಲ್ಲಿ ವಿಡಿಯೊ ನೋಡದೆಯೇ ಕಳಿಸಿಬಿಟ್ಟೆ.

ಗೆದ್ದೆ! ಮುರಿದುಕೊಂಡ ದುಡ್ಡು ಪೂರ್ತಿ ಖಾತೆಗೆ ಬಂತು. ಕುಣಿಯುತ್ತಾ ನಾದಿನಿ ಚೈತ್ರಾಳಿಗೆ ವಿಡಿಯೊ ತೋರಿಸಿದೆ.

"ನಾಕೂ ಕಡೆ ಚೆನ್ನಾಗಿ ಕಾಣ್ತೈತೆ ಅತ್ಗೆ. ಪಾರ್ಸೆಲ್ ಹಿಡ್ಕಂಡೋರು ಯಾರು?"

ಆಗ ನೋಡಿದೆ. ನನ್ನ ಬ್ಲೇಡಿನಾಚೆ, ಹಸಿರು ಬಳೆಯ ಎರಡು ಮುದಿ ಕೈಗಳು ಪಾರ್ಸೆಲನ್ನು ಸಾವಕಾಶವಾಗಿ ತಿರುಗಿಸುತ್ತಿದ್ದವು.

ಅಲ್ಲಿಂದೀಚೆಗೆ ನಾನು ಒಂದು ದೂರಿನಲ್ಲೂ ಸೋತಿಲ್ಲ. ಆ ಕಂಬಳಿಯನ್ನು ಎಸೆದೂ ಇಲ್ಲ. ಸಂಜೆ ಗೋಡೌನಿನಲ್ಲಿ ಹಾಸಿ, ಬೀಗ ಹಾಕಿಕೊಂಡು ಬರುತ್ತೇನೆ. ಬೆಳಿಗ್ಗೆ ಮಡಚುವಾಗ ಬೆಚ್ಚಗಿರುತ್ತದೆ.